ಅವ್ವನಿಗೆ ದಿನಾ ಮೂಳೆ ಇಂಜೆಕ್ಷನ್ ಬೇಕಾ?

ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಅವ್ವನಿಗೆ 68. ಬಚ್ಚಲಲ್ಲಿ ಜಾರಿದ್ದಷ್ಟೇ, ಬೆನ್ನುಮೂಳೆ ಮುರಿಯಿತು. ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 3.4, ಅಂದರೆ ಮೂಳೆ ತುಂಬಾ ಸವೆದಿದೆ. ಡಾಕ್ಟರು ಟೆರಿಪ್ಯಾರಟೈಡ್ ಅನ್ನೋ ಇಂಜೆಕ್ಷನ್ ಎರಡು ವರ್ಷ, ದಿನಕ್ಕೊಂದು ಅಂದರು. ವಾರಕ್ಕೊಂದು ಮಾತ್ರೆ ಸಾಲದಾ? ಅದನ್ನು ಫ್ರಿಜ್ಜಿನಲ್ಲೇ ಇಡಬೇಕಂತೆ, ಕರೆಂಟ್ ಹೋದರೆ ಗತಿ ಏನು ಅನ್ನೋದೇ ನನಗೆ ದೊಡ್ಡ ಚಿಂತೆ.

ಬಳ್ಳಾರಿಯಿಂದ: ನಮ್ಮತ್ತೆಗೆ 14 ತಿಂಗಳಾಯಿತು ಅಕ್ಕ. ವಾರದ ಮಾತ್ರೆ ಮೂಳೆ ಸವೆಯೋದನ್ನು ತಡೆಯುತ್ತದೆ, ಇದು ಹೊಸ ಮೂಳೆ ಕಟ್ಟುತ್ತದೆ. ಇಂಜೆಕ್ಷನ್ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್ ಮಾತ್ರ ಬೇಡ. ಕರೆಂಟ್ ಹೋದಾಗ ನಾನು ಫ್ರಿಜ್ ಬಾಗಿಲು ತೆಗೆಯೋದೇ ಇಲ್ಲ. ಮೊದಮೊದಲು ಚುಚ್ಚಿದ ಮೇಲೆ ತಲೆ ಸುತ್ತುತ್ತಿತ್ತು. ಅದಕ್ಕೇ ಮಲಗುವ ಮುಂಚೆ ಹಾಕುತ್ತೇವೆ. ಎರಡು ವರ್ಷ ಮುಗಿದ ಮೇಲೆ ಸುಮ್ನೆ ಬಿಡಬೇಡಿ, ಕಟ್ಟಿದ ಮೂಳೆ ಮತ್ತೆ ಕರಗುತ್ತದೆ. ಆಗ ಬರೋದೇ ಆ ಮಾತ್ರೆ.

ಕುಷ್ಟಗಿಯಿಂದ: ಕ್ಯಾಲ್ಸಿಯಂ, ವಿಟಮಿನ್ ಡಿ ರಕ್ತಪರೀಕ್ಷೆ ಆಯಿತಾ? ಹಿಂದೆ ಮೂಳೆಗೆ ರೇಡಿಯೇಶನ್ ಆಗಿದ್ದರೆ ಡಾಕ್ಟರಿಗೆ ಹೇಳಿ, ಈ ಮದ್ದು ಕೊಡುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅಲ್ವಾ? ಫ್ಲೋರೈಡಿನಿಂದ ಬರೋ ಮೂಳೆ ಕಾಯಿಲೆ, ಫ್ಲೋರೋಸಿಸ್, ಇದ್ದರೆ ಸ್ಕ್ಯಾನಿನಲ್ಲಿ ಮೂಳೆ ಗಟ್ಟಿ ಕಾಣುತ್ತದೆ, ಆದರೂ ಮುರಿಯುತ್ತದೆ. ಯಾವ ನೀರು ಕುಡಿಯುತ್ತೀರಿ ಅಂತಲೂ ಹೇಳಿ.

ಸಿಂಧನೂರು: ರಕ್ತಪರೀಕ್ಷೆ ನಾಳೆ. ಸೂಜಿ ತೋರಿಸಿದೆ. ಅವ್ವ ‘ಇಷ್ಟೇನಾ?’ ಅಂದಳು.