ಟ್ರೇ ಇದ್ದರೂ ಬೆಕ್ಕು ಹಾಸಿಗೆ, ಗೋಣಿಚೀಲದ ಮೇಲೆ ಉಚ್ಚೆ ಹೊಯ್ಯುತ್ತಿದೆ, ಏನು ಮಾಡಬೇಕು?

ತೋಟದಮನೆ (ಮೂಡಿಗೆರೆ):
ಮನೆಯಲ್ಲಿ ಎರಡು ಬೆಕ್ಕು. ಗಂಡಿಗೆ ಮೂರು ವರ್ಷ, ಮರಿಯಾಗದಂತೆ ಆಪರೇಷನ್ ಆಗಿದೆ. ಹೆಣ್ಣಿಗೆ ಒಂದು ವರ್ಷ, ಇನ್ನೂ ಮಾಡಿಸಿಲ್ಲ. ಬೇಸಿಗೆಯಲ್ಲಿ ಎರಡೂ ತೋಟಕ್ಕೆ ಹೋಗಿ ಬರುತ್ತಿದ್ದವು, ಮಳೆ ಹಿಡಿದ ಮೇಲೆ ಹೊರಗೆ ಕಾಲಿಡುತ್ತಿಲ್ಲ. ಬಚ್ಚಲ ಪಕ್ಕ, ವಾಷಿಂಗ್ ಮೆಷಿನ್ ಹತ್ತಿರ ಮುಚ್ಚಳ ಇರುವ ಒಂದು ಟ್ರೇ ಇಟ್ಟಿದ್ದೇವೆ, ಅದರಲ್ಲಿ ನಿಂಬೆ ವಾಸನೆಯ ಲಿಟರ್ (ಉಚ್ಚೆ ಹೀರುವ ಕಾಳು). ಕಕ್ಕಸು ಅದರಲ್ಲೇ ಇರುತ್ತೆ. ಉಚ್ಚೆ ಮಾತ್ರ ಹಾಸಿಗೆ ಮೇಲೆ, ಕಾಫಿ ತುಂಬುವ ಗೋಣಿಚೀಲದ ಮೇಲೆ, ಹಜಾರದ ಮೂಲೆಯಲ್ಲಿ. ಗಂಡೇ ಇರಬೇಕು ಅಂತ ಅನುಮಾನ. ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅದೇ ಜಾಗ. ಹೆದರಿಸಿದರೆ ಬಿಡುತ್ತದೆಯೇ?

ಹೇಮಾವತಿ_ದಂಡೆ (ಹಾಸನ):
ಹೆದರಿಸುವುದನ್ನು ಮೊದಲು ಕೈಬಿಡಿ. ಬೆಕ್ಕು ಸೇಡಿಗೆ ಹೀಗೆ ಮಾಡುವುದಿಲ್ಲ. ಮೂಗು ತಿಕ್ಕಿ ಹೊಡೆದರೆ ಅದು ಕಲಿಯುವುದು ನಿಮ್ಮ ಕಣ್ಣಿಗೆ ಬೀಳದ ಜಾಗ ಹುಡುಕುವುದನ್ನು ಮಾತ್ರ. ಅಟ್ಟದ ಮೇಲೋ ಮಂಚದಡಿಯೋ ಹೋಗಿ ಹೊಯ್ಯಲು ಶುರುಮಾಡಿದರೆ ಪತ್ತೆ ಹಚ್ಚುವುದೇ ಕಷ್ಟ.

ಗಂಡು ಬೆಕ್ಕು ಅಂದಿರಿ, ಹಾಗಾಗಿ ಇದನ್ನು ಇವತ್ತೇ ಗಮನಿಸಿ. ಪದೇ ಪದೇ ಕೂತು ತಿಣುಕುತ್ತದೆಯೇ, ಕೂಗುತ್ತದೆಯೇ, ಹನಿ ಹನಿಯಾಗಿ ಬರುತ್ತಿದೆಯೇ, ಕೆಂಪು ಬಣ್ಣ ಕಾಣುತ್ತದೆಯೇ, ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆಯೇ? ಗಂಡಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ ಮತ್ತು ಲೋಳೆ ಸೇರಿ ಬಿರಡೆಯಂತೆ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಪೆಟ್ಟು ಬೀಳುತ್ತದೆ. ಒಂದೆರಡು ದಿನದೊಳಗೆ ಜೀವ ಹೋಗಬಹುದು. ತಿಣುಕುವುದನ್ನು ನೋಡಿ ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಸಮಯ ಕಳೆದರೆ ಬೆಕ್ಕು ಉಳಿಯುವುದಿಲ್ಲ. ಉಚ್ಚೆ ಪೂರ್ತಿ ನಿಂತಿದೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಪಶುವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಅಷ್ಟು ತುರ್ತಿಲ್ಲದಿದ್ದರೂ ಮೂತ್ರ ಪರೀಕ್ಷೆ ಮಾಡಿಸಿ. ಖಾಲಿ ಟ್ರೇಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಅಕ್ವೇರಿಯಂನಲ್ಲಿ ಹಾಕುವ ಸಣ್ಣ ಕಲ್ಲನ್ನು ತೊಳೆದು ತೆಳ್ಳಗೆ ಹರಡಿ. ಅದು ನೀರು ಹೀರುವುದಿಲ್ಲ. ಉಚ್ಚೆಯನ್ನು ಸೂಜಿ ತೆಗೆದ ಸಿರಿಂಜ್‌ನಿಂದ ಎಳೆದುಕೊಂಡು ಎರಡು ಗಂಟೆಯೊಳಗೆ ತಲುಪಿಸಿ. ಫ್ರಿಜ್‌ನಲ್ಲಿ ಹೆಚ್ಚು ಹೊತ್ತು ಇಟ್ಟರೆ ಹೊಟ್ಟೆಯೊಳಗೆ ಇಲ್ಲದ ಹರಳೂ ಬಾಟಲಿಯಲ್ಲಿ ಮೂಡಿ ವರದಿ ದಾರಿ ತಪ್ಪಿಸುತ್ತದೆ. ನಿಮ್ಮ ಊರಿನಲ್ಲಿ ಸೌಲಭ್ಯ ಇಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಈ ವಯಸ್ಸಿನ ಬೆಕ್ಕುಗಳಲ್ಲಿ ಮೂತ್ರಕೋಶ ಊದಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಸೋಂಕಲ್ಲ, ಒತ್ತಡ. ಮಳೆಗೆ ಮನೆಯೊಳಗೆ ಸಿಕ್ಕಿಕೊಂಡಿರುವುದು, ನೀರು ಕಡಿಮೆ ಕುಡಿಯುವುದು ಎಲ್ಲವೂ ಸೇರಿಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆಯಿಲ್ಲದೆ ಆಂಟಿಬಯಾಟಿಕ್ ಕೇಳಿ ತರಬೇಡಿ. ಒಣ ಆಹಾರ ಕೊಡುತ್ತಿದ್ದರೆ ಅದಕ್ಕೆ ಬೆಚ್ಚಗಿನ ನೀರು ಬೆರೆಸಿ. ಉಪ್ಪು ಹಾಕದೆ ಬೇಯಿಸಿದ ಕೋಳಿಯ ನೀರಾದರೆ ಇನ್ನೂ ಇಷ್ಟಪಟ್ಟು ತಿನ್ನುತ್ತವೆ. ಆ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ ಬೀಳಬಾರದು.

ಗಾರೆನೆಲ (ಚಿಕ್ಕಮಗಳೂರು):
ಮೇಲಿನವರು ಹೇಳಿದ್ದೇ ಮೊದಲು. ನಾನು ತೊಳೆಯುವ ವಿಷಯ ಬರೀತೀನಿ, ಯಾಕಂದ್ರೆ ಮುಕ್ಕಾಲು ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲೇ.

ಫಿನಾಯಿಲ್ ನಿಲ್ಲಿಸಿ. ಕರಿ ಫಿನಾಯಿಲ್‌ನಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಹೊರಹಾಕಲಾರದು. ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋಗುತ್ತೆ. ಪೈನ್ ಎಣ್ಣೆಯ ಬಿಳಿಯದೂ ಬೇಡ. ಬ್ಲೀಚಿಂಗ್ ಪೌಡರ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಸುವ ಅನಿಲ ಏಳುತ್ತೆ, ಅದನ್ನೂ ಹಾಕಬೇಡಿ.

ಒರೆಸಿದ ಮೇಲೂ ಉಳಿಯುವುದು ಯೂರಿಕ್ ಆಮ್ಲದ ಹರಳು. ಸೋಪಿನ ನೀರಿಗೆ ಅದು ಕರಗಲ್ಲ. ಮಳೆಗಾಲದ ತೇವಕ್ಕೆ ಮತ್ತೆ ವಾಸನೆ ಬಿಡುತ್ತೆ. ನಿಮಗೆ ಗೊತ್ತಾಗದಿದ್ದರೂ ಬೆಕ್ಕಿಗೆ ಅದು ‘ಇಲ್ಲೇ ಹೊಯ್ಯಬೇಕು’ ಅನ್ನೋ ಗುರುತು. ಇದನ್ನು ಒಡೆಯುವುದು ಎನ್‌ಜೈಮ್ ಇರುವ ಕ್ಲೀನರ್. ಪೆಟ್ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತೆ. ಹಸಿ ಉಚ್ಚೆಯನ್ನು ಹಳೇ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಬರೀ ನೀರಲ್ಲಿ ಒರೆಸಿ, ಆಮೇಲೆ ಕ್ಲೀನರನ್ನು ಕಲೆಗಿಂತ ಒಂದು ಗೇಣು ಅಗಲಕ್ಕೆ ಸುರಿದು ಕನಿಷ್ಠ 15 ನಿಮಿಷ ಹಸಿಯಾಗೇ ಬಿಡಿ. ಹಾಸಿಗೆ ಆದರೆ ಉಚ್ಚೆ ಎಷ್ಟು ಆಳಕ್ಕೆ ಇಳಿದಿದೆಯೋ ಕ್ಲೀನರೂ ಅಷ್ಟೇ ಇಳಿಯಬೇಕು. ಮೇಲೆ ಮೇಲೆ ಸಿಂಪಡಿಸಿ ‘ಉಪಯೋಗ ಇಲ್ಲ’ ಅನ್ನುವವರು ಬಹಳ. ಮೊದಲು ಫಿನಾಯಿಲ್ ಬಿದ್ದ ಜಾಗವಾದರೆ ಎರಡು ಸಲ ಬರೀ ನೀರಲ್ಲಿ ತೊಳೆದೇ ಹಾಕಿ, ಫಿನಾಯಿಲ್ ಉಳಿದಿದ್ದರೆ ಎನ್‌ಜೈಮ್ ಸತ್ತುಹೋಗುತ್ತೆ.

ಅದು ಸಿಗುವ ತನಕ ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಬಾಟಲಿ ಮೇಲೆ ಶೇ. 6 ಎಂದಿದ್ದರೆ ಸಮ ನೀರು ಸೇರಿಸಿ, ಒಂದು ಲೋಟಕ್ಕೆ ಒಂದು ಚಮಚ ಅಡುಗೆ ಸೋಡಾ, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಬೆರೆಸಿದ ಕೂಡಲೇ ಬಳಸಿ. ಬಾಟಲಿಯಲ್ಲಿ ತುಂಬಿ ಮುಚ್ಚಳ ಹಾಕಿದರೆ ಅನಿಲ ಕಟ್ಟಿ ಸಿಡಿಯುತ್ತೆ. ಬಣ್ಣದ ಬಟ್ಟೆ, ಕೆಂಪು ಗಾರೆ ನೆಲ ಮಸುಕಾಗಬಹುದು, ಮೂಲೆಯಲ್ಲಿ ಪರೀಕ್ಷೆ ಮಾಡಿ. ಹಳೆಯ ಕಲೆ ಹುಡುಕಲು ಯುವಿ ಟಾರ್ಚ್ ತಗೊಂಡು ದೀಪ ಆರಿಸಿ ನೋಡಿ, ಹಳದಿ-ಹಸಿರಾಗಿ ಹೊಳೆಯುತ್ತೆ. ಗೋಣಿಚೀಲ ಉಳಿಸಲು ಹೋಗಬೇಡಿ, ಹೊರಗೆ ಹಾಕಿ.

ಬಿಳಿಪಂಜ (ಸಕಲೇಶಪುರ):
ಟ್ರೇ ಬಗ್ಗೆ ಹೇಳ್ತೀನಿ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಅದೂ ಬೇರೆ ಬೇರೆ ಜಾಗದಲ್ಲಿ. ಪಕ್ಕಪಕ್ಕ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಮುಚ್ಚಳ ತೆಗೆದುಬಿಡಿ. ಒಳಗೆ ವಾಸನೆ ಕಟ್ಟುತ್ತೆ, ಒಂದು ಬೆಕ್ಕು ಬಾಗಿಲಲ್ಲಿ ಕಾದು ಕೂತರೆ ಇನ್ನೊಂದಕ್ಕೆ ತಪ್ಪಿಸಿಕೊಳ್ಳಲು ದಾರಿ ಇರಲ್ಲ. ವಾಷಿಂಗ್ ಮೆಷಿನ್ ತಿರುಗುವ ಸದ್ದಿಗೆ ಒಮ್ಮೆ ಬೆಚ್ಚಿದರೂ ಸಾಕು, ಆ ಕಡೆ ಹೋಗಲ್ಲ. ಅಂಗಡಿಯ ಟ್ರೇ ಸಾಮಾನ್ಯವಾಗಿ ಚಿಕ್ಕದು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆಯಷ್ಟು ಉದ್ದದ ಪ್ಲಾಸ್ಟಿಕ್ ಡಬ್ಬ ತಗೊಂಡು ಒಂದು ಕಡೆ ತಗ್ಗಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ.

ಲಿಟರ್ ವಾಸನೆ ಇಲ್ಲದ್ದು, ಉಚ್ಚೆ ಬಿದ್ದಲ್ಲಿ ಗಂಟು ಕಟ್ಟುವ ಸಣ್ಣ ಕಾಳಿನದ್ದು, ಎರಡರಿಂದ ಮೂರು ಇಂಚು ಆಳ. ದಿನಕ್ಕೆ ಎರಡು ಸಲ ಗಂಟು ಎತ್ತಿ. ವಾರಕ್ಕೊಮ್ಮೆ ಪೂರ್ತಿ ಸುರಿದು ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಲಿಟರ್ ಹಸಿಯಾಗುತ್ತೆ, ಚೀಲವನ್ನು ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿಡಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ. ಹೊಸ ಟ್ರೇ ಒಂದನ್ನು ಹಜಾರದ ಅದೇ ಮೂಲೆಯಲ್ಲಿಡಿ. ವಾರ ಎರಡು ವಾರ ಅಲ್ಲೇ ಬಳಸಿದ ಮೇಲೆ ದಿನಕ್ಕೆ ನಾಲ್ಕು ಬೆರಳಿನಷ್ಟು ಸರಿಸಿ. ಹಾಸಿಗೆ ಕೋಣೆಯ ಬಾಗಿಲು ಸದ್ಯಕ್ಕೆ ಹಾಕಿರಲಿ.

ಇನ್ನೊಂದು, ಮೂಲೆಯ ಕಲೆ ನೆಲದ ಮೇಲೋ ಗೋಡೆ ಮೇಲೋ? ಬಾಲ ಎತ್ತಿ ಅದುರಿಸುತ್ತಾ ನಿಂತೇ ಗೋಡೆಗೆ ಸ್ವಲ್ಪ ಸಿಡಿಸಿದರೆ ಅದು ಗಡಿ ಗುರುತು, ಬೇರೆ ಸಮಸ್ಯೆ. ಬೆದೆಗೆ ಬಂದ ಹೆಣ್ಣೂ ಮಾಡುತ್ತೆ. ಆಪರೇಷನ್ ಆದರೆ ಬಹುತೇಕ ನಿಲ್ಲುತ್ತೆ.

ತೋಟದಮನೆ:
ಎಲ್ಲರಿಗೂ ಧನ್ಯವಾದ. ಕಲೆ ನೆಲದ ಮೇಲೆ, ಗೋಡೆಯಲ್ಲಿ ಇಲ್ಲ. ಎರಡು ಸಂದೇಹ. ಯಾವ ಬೆಕ್ಕು ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಲಿಟರ್ ಬದಲು ಕಾಫಿ ಹೊಟ್ಟು ಹಾಕಬಹುದೇ? ರಾಶಿ ಇದೆ.

ಬಿಳಿಪಂಜ:
ಕಾಫಿ ಹೊಟ್ಟು ಬೇಡ. ಅದರಲ್ಲೂ ಕೆಫೀನ್ ಇರುತ್ತೆ, ಪಾದಕ್ಕೆ ಅಂಟಿ ನೆಕ್ಕಿದರೆ ಬೆಕ್ಕಿಗೆ ವಿಷ. ಖರ್ಚು ಇಳಿಸಬೇಕಾದರೆ ಜರಡಿ ಹಿಡಿದ ಒಣ ಮರಳು ಆಗುತ್ತೆ, ಆದರೆ ಗಂಟು ಕಟ್ಟಲ್ಲ, ಎರಡು ಮೂರು ದಿನಕ್ಕೆ ಪೂರ್ತಿ ಬದಲಿಸಬೇಕು. ಒಮ್ಮೆಲೇ ಬದಲಿಸದೆ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ.

ಹೇಮಾವತಿ_ದಂಡೆ:
ಗಂಡನ್ನು ಒಂದು ಕೋಣೆಯಲ್ಲಿ ಅದರದೇ ಟ್ರೇ, ನೀರು, ಮಲಗುವ ಬಟ್ಟೆ ಕೊಟ್ಟು ಎರಡು ದಿನ ಇಡಿ. ಊಟ ಟ್ರೇಯಿಂದ ದೂರದ ಮೂಲೆಯಲ್ಲಿರಲಿ. ಆ ಎರಡು ದಿನ ಕೋಣೆಯ ಹೊರಗೆ ಹೊಸ ಕಲೆ ಬಿದ್ದರೆ ಅದು ಹೆಣ್ಣಿನದು. ಗಂಟುಗಳನ್ನು ಎಣಿಸಿ. ದಿನಕ್ಕೆ ಎರಡರಿಂದ ನಾಲ್ಕು, ನಿಂಬೆಹಣ್ಣಿಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗೋಲಿಯಷ್ಟು ಸಣ್ಣವು ಹತ್ತಾರು ಸಿಕ್ಕರೆ, ಅಥವಾ ಅರ್ಧ ದಿನ ಕಳೆದರೂ ಒಂದೂ ಇಲ್ಲದೆ ತಿಣುಕುತ್ತಿದ್ದರೆ ಕೂಡಲೇ ವೈದ್ಯರ ಹತ್ತಿರ ಕರೆದೊಯ್ಯಿರಿ.