ಸಹಾಯ ಬೇಕು: ಆಲ್ಟೊ ಮಾರಿ ಹಳೆಯ ಹೋಂಡಾ ಸಿಟಿ ವಿಟೆಕ್ ಕಾರು ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. 2019ರ ಆಲ್ಟೊ ಇದೆ. ಲೀಟರಿಗೆ 20 ಕಿ.ಮೀ. ಕೊಡುತ್ತದೆ, ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಆದರೂ ಕಾಲೇಜಿನ ದಿನಗಳಿಂದ ಮನಸ್ಸಿನಲ್ಲಿ ಇರುವುದು ಹೋಂಡಾ ಸಿಟಿ ವಿಟೆಕ್. 1.5 ಲೀಟರ್ ಎಂಜಿನ್, 106 ಎಚ್‌ಪಿ. ಈಗ ಹೊಸಪೇಟೆಯಲ್ಲಿ 2003ರ ಗಾಡಿಯೊಂದು ಸಿಕ್ಕಿದೆ. ಓಡಿಸಿ ನೋಡಿದೆ. ಆ ಎಂಜಿನ್ ದನಿ ಇನ್ನೂ ಕಿವಿಯಲ್ಲೇ ಇದೆ.

ಆರ್‌ಸಿ (ನೋಂದಣಿ) 2028ರವರೆಗೆ ರಿನ್ಯೂ ಆಗಿದೆ. ಆಮೇಲೆ ಮತ್ತೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರ), ಹಳೆಯ ಗಾಡಿಗಳ ಗ್ರೀನ್ ಟ್ಯಾಕ್ಸ್ ಇದ್ದದ್ದೇ. ನನ್ನ ಭಯ ಬೇರೆ. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಮಾಲೀಕರಿಗೇ ನೆನಪಿಲ್ಲ. ಓಡುವಾಗ ಅದು ಹರಿದರೆ ವಾಲ್ವ್ ಬಾಗಿ ಎಂಜಿನ್ನೇ ಬಿಚ್ಚಬೇಕಾಗುತ್ತದೆ, ಅಲ್ವಾ? ಈಗ ಬಂಕಿನಲ್ಲಿ ಸಿಗುವ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ತಡೆಯುತ್ತವಾ? ಇನ್ನು ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ವಾರಕ್ಕೊಮ್ಮೆ ಅವ್ವನನ್ನು ಸಂಡೂರಿಗೆ ಕರೆದುಕೊಂಡು ಹೋಗಬೇಕು. ಅದಿರು ಲಾರಿಗಳ ಧೂಳಿನಲ್ಲಿ ಗ್ಲಾಸ್ ಇಳಿಸುವಂತಿಲ್ಲ, ಏಸಿ ಬೇಕೇ ಬೇಕು.

ಬಳ್ಳಾರಿ, ಕೊಪ್ಪಳ ಕಡೆ ಈ ಎಂಜಿನ್ ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಇದ್ದಾರಾ? ಸ್ಪೇರ್ಸ್‌ಗೆ ಬೆಂಗಳೂರಿಗೇ ಹೋಗಬೇಕಾ? ಈ ಗಾಡಿ ಇಟ್ಟುಕೊಂಡವರು ಯಾರಾದರೂ ಇದ್ದರೆ ವರ್ಷಕ್ಕೆ ಖರ್ಚು ಎಷ್ಟು ಬರುತ್ತದೆ ಹೇಳಿ. ಭಾನುವಾರದೊಳಗೆ ಮಾಲೀಕರಿಗೆ ಉತ್ತರ ಕೊಡಬೇಕು.