ಪದ ಬೇಕು: ‘ಗ್ರಾಟ್ಯುಟಸ್’ ಬೈಗುಳಕ್ಕೆ ಕನ್ನಡದಲ್ಲಿ ಏನನ್ನೋಣ?

> ಒಂದು ಚಿತ್ರವಿಮರ್ಶೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಿನಿಮಾದಲ್ಲಿ ಬೈಗುಳ ಜಾಸ್ತಿ. ಅದು ‘ರಿಯಲಿಸ್ಟಿಕ್’ ಅನ್ನಿಸುತ್ತದಾ, ‘ಗ್ರಾಟ್ಯುಟಸ್’ ಅನ್ನಿಸುತ್ತದಾ ಅನ್ನೋದು ವಿಮರ್ಶಕರ ಪ್ರಶ್ನೆ. ಎರಡನೆಯದಕ್ಕೆ ‘ಅನಗತ್ಯ’ ಸಪ್ಪೆಯಾಯಿತು. ಒಟಿಟಿ ಎಚ್ಚರಿಕೆಯ ‘ಸ್ಟ್ರಾಂಗ್ ಲಾಂಗ್ವೇಜ್’ಗೂ ಒಂದು ಪದ ಬೇಕು. ಸಂಜೆಯೊಳಗೆ ಕಳಿಸಬೇಕು.

>> ‘ಅಪ್ರಾಸಂಗಿಕ ಅವಾಚ್ಯ ಪ್ರಯೋಗ’, ‘ತೀಕ್ಷ್ಣ ಭಾಷೆ’.

‘ತೀಕ್ಷ್ಣ ಭಾಷೆ’ ಬೇಡವೇ ಬೇಡ. ಓದಿದವರು ಯಾವುದೋ ಸಂಪಾದಕೀಯ ಅಂದುಕೊಳ್ಳುತ್ತಾರೆ. ‘ಅವಾಚ್ಯ’ ಪೊಲೀಸ್ ದೂರಿನ ಮಾತು. ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಅಂತ ಬರೆದುಬಿಟ್ಟರೆ ಅವನು ಏನು ಬೈದ ಅನ್ನೋದು ದೇವರಿಗೇ ಗೊತ್ತು.

ಎಚ್ಚರಿಕೆಗೆ ‘ಬೈಗುಳಗಳಿವೆ’ ಅನ್ನಿ, ಸಾಕು. ವಿಮರ್ಶೆಗೆ ‘ತುರುಕಿದ ಬೈಗುಳ’. ಯಾರೋ ಬೇಕಂತಲೇ ಒಳಗೆ ತಳ್ಳಿದ್ದಾರೆ ಅನ್ನೋ ಗುಮಾನಿ ಆ ಪದದಲ್ಲೇ ಇದೆ. ವಿಮರ್ಶಕರ ತಕರಾರೂ ಅದೇ ಅಲ್ವಾ? ಎದುರು ಪದ ‘ಸಹಜ’.

ಎಷ್ಟು ಸಲ ಬೈದರು ಅಂತ ಎಣಿಸಿ ಇದನ್ನು ತೀರ್ಮಾನಿಸೋಕೆ ಆಗಲ್ಲ. ಶೇಖರ್ ಕಪೂರ್ ಅವರ ‘ಬ್ಯಾಂಡಿಟ್ ಕ್ವೀನ್’ (1994) ಸಿನಿಮಾದಲ್ಲಿ ಬೈಗುಳಕ್ಕೆ ಬರವಿಲ್ಲ. ಚಂಬಲ್ ಡಕಾಯಿತರು ಇನ್ನು ಹೇಗೆ ಮಾತಾಡಬೇಕಿತ್ತು? ಸಿನಿಮಾ ತೋರಿಸಬಾರದು ಅನ್ನೋ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇಂಥ ಬೈಗುಳ ಊರೂರಿನ ಬೀದಿಯಲ್ಲಿ ದಿನಾ ಕೇಳುವಂಥದ್ದೇ, ಇದನ್ನು ದೊಡ್ಡದು ಮಾಡಬೇಕಿಲ್ಲ ಅಂತ 1996ರಲ್ಲಿ ಕೋರ್ಟೂ ಹೇಳಿತು.

ನಮ್ಮ ಗಾಂಧಿನಗರದ ರೋಗ ಬೇರೆ. ಮಂಡ್ಯ ಕಡೆ ‘ಬಡ್ಡಿಮಗ’ ಜಗಳಕ್ಕೂ ಬರುತ್ತದೆ, ಸಲುಗೆಗೂ ಬರುತ್ತದೆ. ಹುಬ್ಬಳ್ಳಿಯವನ ಬಾಯಲ್ಲಿ ‘ಭಾಡ್ಕಾವ್’. ಮಂಗಳೂರಿನವನಿಗೆ ‘ಬೇವರ್ಸಿ’. ಮೂರೂ ಊರಿನ ರೌಡಿಗಳು ಒಂದೇ ಬೆಂಗಳೂರು ಬೈಗುಳ ಒದರಿದರೆ ಅದು ತುರುಕಿದ್ದೇ. ಒಂದೇ ಸಲ ಬಂದಿದ್ದರೂ ಸರಿ. ಯಾರು, ಯಾರಿಗೆ, ಯಾವ ಸಿಟ್ಟಿನಲ್ಲಿ ಅಂತ ಬರೆದವರು ಯೋಚಿಸಿಲ್ಲ ಅಂತಲೇ ಅರ್ಥ.

>> ಬೈಗುಳವಾದರೂ ಅಚ್ಚಗನ್ನಡದಲ್ಲಿ ಇರಲಿ. ಉರ್ದು, ಇಂಗ್ಲಿಷ್ ಬೈಗುಳ ಬಂದು ನಮ್ಮ ಸಿನಿಮಾ ಕೆಟ್ಟಿತು.

ಸುಮ್ನೆ ಇರಿ ಸ್ವಾಮಿ. ‘ಬೇವರ್ಸಿ’ ಎಲ್ಲಿಂದ ಬಂತು? ಪಾರಸಿಯ ‘ಬೇ’, ಅರಬ್ಬಿಯ ‘ವಾರಿಸ್’. ವಾರಸುದಾರರಿಲ್ಲದವನು ಅಂತ. ‘ಹರಾಮಿ’ ಅರಬ್ಬಿ, ‘ಬದ್ಮಾಶ್’ನಲ್ಲಿ ಎರಡೂ ಇವೆ. ಇದನ್ನೆಲ್ಲ ಕಿತ್ತುಹಾಕಿದರೆ ನಮ್ಮ ಖಳನಟರು ಅರ್ಧ ಸಿನಿಮಾ ಮೂಕರಾಗಿ ನಿಲ್ಲಬೇಕು. ‘ಬೋಳಿಮಗ’ ಇದೆಯಲ್ಲ ಅಂತೀರಾ? ಅದು ತಲೆ ಬೋಳಿಸಿ ಮೂಲೆಗೆ ಕೂರಿಸಿದ ವಿಧವೆಯನ್ನು ಹೀಗಳೆಯುವ ಮಾತು. ಅಂಥದ್ದನ್ನು ಅಚ್ಚಗನ್ನಡ ಅಂತ ಮೆರೆಸೋದಕ್ಕಿಂತ ಎರವಲೇ ವಾಸಿ. ಈ ವಾದ ಮುಂದುವರಿಸೋದಿದ್ದರೆ ಬೇರೆ ಎಳೆ ಶುರು ಮಾಡಿ, ಪದ ಕೇಳಿದವರಿಗೆ ಸಂಜೆಯ ಗಡುವಿದೆ.

ಅಂದಹಾಗೆ, ಎಚ್ಚರಿಕೆ ಸಾಲಿನಲ್ಲಿ ಜಾಗ ಸಾಲದಿದ್ದರೆ ಬರೀ ‘ಬೈಗುಳ’ ಅಂತ ಹಾಕಿ. ‘ಹಿಂಸೆ, ಬೈಗುಳ, ಧೂಮಪಾನ’ ಅಂತ ಸಾಲಾಗಿ ಬಂದಾಗ ಬಹುವಚನ ಬೇಕಾಗಲ್ಲ.